ತಪ್ಪೇ ಇಲ್ಲದ ಇಮೇಲ್

ಇಪ್ಪತ್ತೆಂಟು ವರ್ಷಗಳಿಂದ ಕರಡು ತಿದ್ದಿ ಬದುಕುತ್ತಿರುವವಳು ನಾನು. ಅಲ್ಪಪ್ರಾಣ ಇರಬೇಕಾದ ಕಡೆ ಮಹಾಪ್ರಾಣ ನುಸುಳಿದ್ದರೆ, ‘ಳ’ ಇರಬೇಕಾದಲ್ಲಿ ‘ಲ’ ಕುಳಿತಿದ್ದರೆ, ಎರಡು ಪದಗಳ ನಡುವೆ ಒಂದು ಖಾಲಿ ಜಾಗ ಹೆಚ್ಚಾಗಿ ಬಿದ್ದಿದ್ದರೆ, ಕಣ್ಣಿಗೆ ಧೂಳು ಬಿದ್ದಷ್ಟೇ ಬೇಗ ನನಗೆ ತಿಳಿಯುತ್ತದೆ. ಔಷಧದ ಡಬ್ಬಿಯೊಳಗಿನ ಚೀಟಿಯನ್ನೂ ಪೆನ್ನು ಹಿಡಿದೇ ಓದುವ ಚಾಳಿ. ಹೀಗಿರುವಾಗ ಮೋಸದ ಇಮೇಲ್ ನನ್ನನ್ನು ಏನು ಮಾಡೀತು ಎಂಬ ಸೊಕ್ಕು ಇತ್ತು. ಹೋದ ವರ್ಷದ ಒಂದು ಗುರುವಾರ ಮಧ್ಯಾಹ್ನದವರೆಗೆ ಇತ್ತು.

ಸೊಕ್ಕಿಗೆ ಕಾರಣವೂ ಇತ್ತೆನ್ನಿ. ನನಗೆ ಬರುತ್ತಿದ್ದ ಮೋಸದ ಪತ್ರಗಳ ಕನ್ನಡ ಹಾಗಿತ್ತು. ‘ನಿಮ್ಮ ಖಾತೆಯನ್ನು ತೂಗುಹಾಕಲಾಗಿದೆ’ ಎಂದು ಬ್ಯಾಂಕೊಂದರ ಹೆಸರಿನಲ್ಲಿ ಒಂದು ಬಂದಿತ್ತು. ಸ್ಥಗಿತಗೊಳಿಸಿದ್ದೇವೆ ಎನ್ನಲು ಹೋಗಿ ನನ್ನ ಖಾತೆಯನ್ನು ಒದ್ದೆ ಬಟ್ಟೆಯಂತೆ ಹಗ್ಗಕ್ಕೆ ನೇತುಹಾಕಿದ್ದರು. ಇನ್ನೊಂದರಲ್ಲಿ ತೀರಿಕೊಂಡ ಕೋಟ್ಯಧೀಶನೊಬ್ಬನಿಗೆ ನಾನು ‘ಮುಂದಿನ ಸಂಬಂಧಿ’. ಮೂರನೆಯದು ‘ಆತ್ಮೀಯ ಪ್ರೀತಿಪಾತ್ರರೇ, ನಿಮಗೆ ವಂದನೆಗಳು ಮತ್ತು ತುರ್ತು’ ಎಂದು ಶುರುವಾಗಿತ್ತು. ಇಂಥವನ್ನೆಲ್ಲ ‘ಹಾಸ್ಯ’ ಎಂಬ ಹೆಸರಿನ ಫೋಲ್ಡರ್‌ನಲ್ಲಿ ಕೂಡಿಡುತ್ತಿದ್ದೆ. ಒಮ್ಮೆ ತಡೆಯಲಾರದೆ, ಒಂದು ಪತ್ರದ ಹದಿನೇಳು ತಪ್ಪುಗಳನ್ನು ತಿದ್ದಿ, ‘ಎರಡನೆಯ ಪ್ರೂಫ್ ಕಳಿಸಿ’ ಎಂಬ ಒಕ್ಕಣೆಯೊಂದಿಗೆ ಬರೆದವನಿಗೇ ಹಿಂದಿರುಗಿಸಿದೆ. ಗೆಳತಿಯರೆದುರು ಇದನ್ನು ದೊಡ್ಡದಾಗಿ ಹೇಳಿಕೊಂಡು ನಕ್ಕಿದ್ದೂ ಆಯಿತು. ಆ ವಾರದಿಂದ, ದಿನಕ್ಕೆ ಒಂದೆರಡು ಬರುತ್ತಿದ್ದ ಇಂಥ ಪತ್ರಗಳು ಹತ್ತು ಹದಿನೈದಾದವು. ಈ ವಿಳಾಸದಲ್ಲಿ ಓದುವ, ಕೂತು ಉತ್ತರ ಬರೆಯುವ ಜೀವವೊಂದು ಇದೆ ಎಂದು ನಾನೇ ಸಹಿ ಹಾಕಿ ತಿಳಿಸಿದಂತಾಗಿತ್ತು. ಅಂಥ ವಿಳಾಸಗಳ ಪಟ್ಟಿ ಕೈಯಿಂದ ಕೈಗೆ ಮಾರಾಟವಾಗುತ್ತದೆ. ಮೋಸದ ಪತ್ರದ ಅಡಿಯಲ್ಲಿರುವ ‘ಇಂಥ ಪತ್ರ ಬೇಡವಾದರೆ ಇಲ್ಲಿ ಒತ್ತಿ’ ಎಂಬುದನ್ನು ಒತ್ತಿದರೂ ಇದೇ ಗತಿ.

ಆ ತಪ್ಪುಗಳ ಬಗ್ಗೆ ನನಗೆ ಆಗ ಗೊತ್ತಿಲ್ಲದ ಸಂಗತಿಯೊಂದಿತ್ತು. 2012ರಲ್ಲಿ ಮೈಕ್ರೋಸಾಫ್ಟ್ ಸಂಶೋಧನಾ ವಿಭಾಗದ ಕೊರ್ಮಾಕ್ ಹರ್ಲಿ ಒಂದು ಪ್ರಬಂಧ ಬರೆದರು. ನೈಜೀರಿಯಾದಿಂದ ಬರುವ ಹಣದಾಸೆಯ ಪತ್ರ ಮೋಸದ್ದೆಂದು ಲೋಕಕ್ಕೆಲ್ಲ ಗೊತ್ತಿರುವಾಗಲೂ, ಮೋಸಗಾರರು ತಾವು ನೈಜೀರಿಯಾದವರು ಎಂದೇ ಏಕೆ ಹೇಳಿಕೊಳ್ಳುತ್ತಾರೆ ಎಂಬುದು ಅವರ ಪ್ರಶ್ನೆ. ಲಕ್ಷ ಜನರಿಗೆ ಪತ್ರ ಕಳಿಸಲು ಖರ್ಚಿಲ್ಲ, ಉತ್ತರ ಬರೆದ ಒಬ್ಬೊಬ್ಬರ ಜೊತೆಗೂ ವಾರಗಟ್ಟಲೆ ಮಾತು ಬೆಳೆಸಲು ಖರ್ಚಿದೆ. ಹಾಗಾಗಿ, ಕೊನೆಯ ಗಳಿಗೆಯಲ್ಲಿ ಕೈಕೊಡಬಹುದಾದ ಅನುಮಾನದ ಪ್ರಾಣಿಗಳು ಮೊದಲ ಸಾಲಿಗೇ ನಕ್ಕು ಪತ್ರ ಅಳಿಸಿಬಿಟ್ಟರೆ ಅವರಿಗೇ ಲಾಭ. ಕಥೆ ಅಸಂಬದ್ಧವಾಗಿರುವುದು ದಡ್ಡತನದಿಂದಲ್ಲ, ಅದೊಂದು ಜರಡಿ. ಇದನ್ನು ಓದಿದಾಗ ನನ್ನ ‘ಹಾಸ್ಯ’ದ ಫೋಲ್ಡರ್ ನೆನಪಾಗಿ ಮುಖ ಬಿಸಿಯಾಯಿತು. ನಾನು ಗೆದ್ದಿರಲಿಲ್ಲ. ನನ್ನನ್ನು ಹಿಡಿಯಲು ಯಾರೂ ಬಂದೇ ಇರಲಿಲ್ಲ.

ಬಂದಾಗ ಹೇಗೆ ಬಂದರೆಂದು ಹೇಳುತ್ತೇನೆ.

ನಾನು ತಿದ್ದುವ ಪುಸ್ತಕಗಳಿಗೆ ಡಿಟಿಪಿ ಮಾಡುವ ಹುಡುಗನೊಬ್ಬ ಇದ್ದಾನೆ. ಹುಡುಗ ಎನ್ನುತ್ತೇನೆ, ನಲವತ್ತು ದಾಟಿದೆ. ಹನ್ನೊಂದು ವರ್ಷಗಳಿಂದ ನಾನು ತಿದ್ದಿದ ಕರಡು ಕಳಿಸುತ್ತೇನೆ, ಅವನು ಹಳೆಯ ತಪ್ಪು ಸರಿಮಾಡಿ, ಎರಡು ಹೊಸ ತಪ್ಪು ಸೇರಿಸಿ ವಾಪಸ್ ಕಳಿಸುತ್ತಾನೆ. ಆ ಗುರುವಾರ ಅವನ ವಿಳಾಸದಿಂದ ಮೇಲ್ ಬಂತು. ಹೊಸ ಪತ್ರವೂ ಅಲ್ಲ. ತಿಂಗಳ ಹಿಂದೆ ಒಂದು ಆತ್ಮಕಥೆಯ ಆರನೆಯ ಅಧ್ಯಾಯದ ಬಗ್ಗೆ ನಾವಿಬ್ಬರೂ ಬರೆದುಕೊಂಡಿದ್ದ ಪತ್ರಗಳ ಸಾಲಿನಲ್ಲೇ, ಅದಕ್ಕೆ ಉತ್ತರವೆಂಬಂತೆ ಬಂದಿತ್ತು. ಕೆಳಗೆ ನನ್ನದೇ ಮಾತುಗಳಿದ್ದವು: ‘ಪುಟ 112ರ ಕೊನೆಯ ಸಾಲು ಒಂಟಿಯಾಗಿ ಮುಂದಿನ ಪುಟಕ್ಕೆ ಹಾರಿದೆ, ಎಳೆದು ತಾ.’ ಅದರ ಮೇಲೆ ಇಷ್ಟು:

‘ನಮಸ್ಕಾರ. ಪುಸ್ತಕದ ಅಂತಿಮ ಕರಡನ್ನು ಕೆಳಗಿನ ಕೊಂಡಿಯಲ್ಲಿ ಇರಿಸಿದ್ದೇನೆ. ಇಂದು ಸಂಜೆಯೊಳಗೆ ಮುದ್ರಣಕ್ಕೆ ಹೋಗಬೇಕಾಗಿರುವುದರಿಂದ ದಯವಿಟ್ಟು ಒಮ್ಮೆ ಪರಿಶೀಲಿಸಿ ತಿಳಿಸಿ. ಧನ್ಯವಾದಗಳು.’

ಇದರಲ್ಲಿ ತಪ್ಪು ಹುಡುಕಿ. ನನಗಂತೂ ಸಿಗಲಿಲ್ಲ, ಮತ್ತು ಸಿಗದೆ ಹೋದದ್ದೇ ನಾನು ಹಿಡಿಯಬೇಕಾಗಿದ್ದ ತಪ್ಪು. ಹನ್ನೊಂದು ವರ್ಷದಲ್ಲಿ ಆ ಪುಣ್ಯಾತ್ಮ ಒಮ್ಮೆಯೂ ‘ನಮಸ್ಕಾರ’ ಎಂದು ಪತ್ರ ಆರಂಭಿಸಿದವನಲ್ಲ. ‘ಅಕ್ಕಾ’ ಎಂದೇ ಶುರು. ಮಹಾಪ್ರಾಣವೆಂಬುದು ಅವನ ಬೆರಳಿಗೆ ಎಟುಕದ ವಸ್ತು. ‘ದನ್ಯವಾದ’ ಎಂದೇ ಬರೆಯುತ್ತಾನೆ, ಅದೂ ಏಕವಚನದಲ್ಲಿ. ದನಕ್ಕೂ ಧನಕ್ಕೂ ಇರುವ ವ್ಯತ್ಯಾಸ ಕಲಿತುಕೋ ಎಂದು ನಾನು ಬೈದದ್ದಕ್ಕೆ ಲೆಕ್ಕವಿಲ್ಲ. ‘ಪರಿಶೀಲಿಸಿ’ ಅವನ ಕೈಯಲ್ಲಿ ‘ಪರೀಶಿಲಿಸಿ’ ಆಗದೆ ಹೊರಬಂದದ್ದೇ ಇಲ್ಲ. ಈ ಮೇಲ್ ಓದಿದಾಗ ನನಗೆ ಅನುಮಾನ ಬಂತೇ? ಇಲ್ಲ. ಅಬ್ಬಾ, ಕೊನೆಗೂ ಕಲಿತನಲ್ಲ ಎಂದು ಸಂತೋಷವಾಯಿತು. ನನ್ನ ಪಾಠದ ಫಲ ಎಂದುಕೊಂಡೆ.

ಕೊಂಡಿ ಒತ್ತಿದೆ. ಹಿಂದೆ ಮಸುಕಾಗಿ ಒಂದು ಪುಟ, ಮುಂದೆ ನನ್ನ ಮೇಲ್ ಸೇವೆಯದೇ ಬಣ್ಣ, ಅದರದೇ ಗುರುತು, ನನ್ನ ವಿಳಾಸ ಮೊದಲೇ ತುಂಬಿದ್ದ ಚೌಕ. ‘ಕಡತ ನೋಡಲು ಮತ್ತೊಮ್ಮೆ ಪಾಸ್‌ವರ್ಡ್ ನೀಡಿ’ ಎಂದಿತು. ನನ್ನ ಪಾಸ್‌ವರ್ಡ್‌ಗಳನ್ನು ನೆನಪಿಟ್ಟುಕೊಳ್ಳಲು ಒಂದು ಆ್ಯಪ್ ಇದೆ. ಪುಟ ತೆರೆದ ಕೂಡಲೇ ತಾನೇ ತುಂಬಿಬಿಡುತ್ತದೆ. ಅವತ್ತು ಸುಮ್ಮನೆ ಕುಳಿತಿತ್ತು. ಇದಕ್ಕೂ ಇವತ್ತೇ ಸೋಮಾರಿತನ ಬರಬೇಕೇ ಎಂದು ಗೊಣಗಿ, ಆ್ಯಪ್ ತೆರೆದು, ಪಾಸ್‌ವರ್ಡ್ ನಕಲಿಸಿ ತಂದು ಕೈಯಾರೆ ಅಂಟಿಸಿದೆ. ಮೊಬೈಲಿಗೆ ಆರು ಅಂಕಿಯ ಸಂಖ್ಯೆ ಬಂತು. ಅದನ್ನೂ ಹಾಕಿದೆ. ಪುಟ ಸುತ್ತಿ ಸುತ್ತಿ ಬಿಳಿಯಾಯಿತು.

ಆ್ಯಪ್ ಏಕೆ ಸುಮ್ಮನಿತ್ತೆಂದರೆ, ಅದಕ್ಕೆ ಬಣ್ಣ, ಗುರುತು, ಭಾಷೆ ಯಾವುದೂ ಕಾಣುವುದಿಲ್ಲ. ಪುಟದ ವಿಳಾಸವನ್ನು ತನ್ನಲ್ಲಿರುವ ವಿಳಾಸದೊಂದಿಗೆ ಅಕ್ಷರಕ್ಕೆ ಅಕ್ಷರ ತಾಳೆ ನೋಡುತ್ತದೆ. ತಾಳೆಯಾಗದಿದ್ದರೆ ಬಾಯಿ ಬಿಡುವುದಿಲ್ಲ. ಆ ಮಧ್ಯಾಹ್ನ ಆ ಕೋಣೆಯಲ್ಲಿ ಕರಡು ತಿದ್ದುವವರು ಒಬ್ಬರೇ ಇದ್ದದ್ದು, ಅದು ನಾನಲ್ಲ.

ಆಮೇಲೆ ಒಂದು ಸಮಾಧಾನ ಸಿಕ್ಕಿತು. ಸೋರಿಕೆಯಾದ ಖಾತೆಗಳಲ್ಲಿ ನಿಮ್ಮದೂ ಇದೆಯೇ ಎಂದು ಹುಡುಕಿ ಹೇಳುವ ‘ಹ್ಯಾವ್ ಐ ಬೀನ್ ಪೋನ್ಡ್’ ಜಾಲತಾಣವನ್ನು 2013ರಲ್ಲಿ ಕಟ್ಟಿದ ಟ್ರಾಯ್ ಹಂಟ್, ಈ ವಿಷಯದಲ್ಲಿ ಜಗತ್ತಿಗೇ ಪಾಠ ಹೇಳುವವರು, 2025ರ ಮಾರ್ಚ್‌ನಲ್ಲಿ ಹೀಗೆಯೇ ಸಿಕ್ಕಿಬಿದ್ದರು. ದೂರದ ಪ್ರಯಾಣದ ದಣಿವಿನಲ್ಲಿದ್ದಾಗ ಬಂದ ಒಂದು ಮೇಲ್ ನಂಬಿ ಪಾಸ್‌ವರ್ಡನ್ನೂ ಒಂದು ಬಾರಿಯ ಸಂಖ್ಯೆಯನ್ನೂ ಕೊಟ್ಟರು. ಅವರ ಪತ್ರ ಪಡೆಯುತ್ತಿದ್ದ ಸುಮಾರು 16,000 ಜನರ ವಿಳಾಸಗಳು ಕಳುವಾದವು. ಅವರ ಪಾಸ್‌ವರ್ಡ್ ಆ್ಯಪ್ ಕೂಡ ತಾನಾಗಿ ತುಂಬಿರಲಿಲ್ಲ, ಅವರೂ ಅದನ್ನು ಗಮನಿಸದೆ ಮುಂದೆ ಹೋಗಿದ್ದರು. ಅದೇ ದಿನ ಎಲ್ಲವನ್ನೂ ತಾವೇ ಬರೆದು ಒಪ್ಪಿಕೊಂಡರು. ನನಗೆ ಒಪ್ಪಿಕೊಳ್ಳಲು ಒಂದು ವರ್ಷ ಹಿಡಿಯಿತು.

ಮೊಬೈಲಿಗೆ ಬರುವ ಸಂಖ್ಯೆ ಇದ್ದರೆ ಭಯವಿಲ್ಲ ಎಂದುಕೊಂಡಿದ್ದವಳು ನಾನು. ಆ ನಕಲಿ ಪುಟದ ಹಿಂದೆ ಕುಳಿತವರು ನಾನು ಹಾಕಿದ್ದನ್ನೆಲ್ಲ ಅದೇ ಕ್ಷಣ ಅಸಲಿ ಪುಟಕ್ಕೆ ದಾಟಿಸುತ್ತಾರೆ. ಸಂಖ್ಯೆಗೆ ಒಂದು ನಿಮಿಷದ ಆಯುಸ್ಸು ಇದ್ದರೂ ಅವರಿಗೆ ಅಷ್ಟು ಸಾಕು. ಈಗ ಪಾಸ್‌ವರ್ಡ್ ಬದಲಿಗೆ ನಮ್ಮ ಫೋನಿನಲ್ಲೋ ಕಂಪ್ಯೂಟರಿನಲ್ಲೋ ಇರುವ ಪಾಸ್‌ಕೀ ಎಂಬ ಡಿಜಿಟಲ್ ಕೀಲಿ ಬಂದಿದೆ. ಅದು ಅಸಲಿ ವಿಳಾಸಕ್ಕೇ ಗಂಟುಬಿದ್ದಿರುವುದರಿಂದ ನಕಲಿ ಪುಟಕ್ಕೆ ಒಪ್ಪಿಸಲು ನನ್ನ ಕೈಯಲ್ಲಿ ಏನೂ ಇರುವುದಿಲ್ಲ. ನನ್ನಂಥವರಿಂದ ನನ್ನನ್ನು ಕಾಪಾಡಲು ಅದೇ ಸರಿ.

ಗುರುವಾರಕ್ಕೆ ಬರುತ್ತೇನೆ. ಕಡತ ತೆರೆಯುತ್ತಿಲ್ಲ ಎಂದು ಹೇಳಲು ಹುಡುಗನಿಗೆ ಫೋನ್ ಮಾಡಿದೆ.

‘ಯಾವ ಫೈಲ್ ಅಕ್ಕಾ?’ ಎಂದ.

ಎರಡು ದಿನಗಳಿಂದ ಅವನ ಖಾತೆಯೊಳಗೆ ಬೇರೆ ಯಾರೋ ಇದ್ದರು. ಈಗ ನನ್ನದರಲ್ಲೂ ಇದ್ದರು. ಕೈ ನಡುಗಿತು ಎಂಬುದನ್ನು ಮುಚ್ಚಿಡುವುದಿಲ್ಲ. ಮೇಲ್ ಸೇವೆಯ ಪುಟವನ್ನು ನಾನೇ ವಿಳಾಸ ಟೈಪ್ ಮಾಡಿ ತೆರೆದು ಪಾಸ್‌ವರ್ಡ್ ಬದಲಾಯಿಸಿದೆ. ‘ಎಲ್ಲ ಸಾಧನಗಳಿಂದ ಹೊರಬನ್ನಿ’ ಎಂಬುದನ್ನು ಒತ್ತಿದೆ, ಏಕೆಂದರೆ ಒಳಗೆ ಕುಳಿತವರು ಪಾಸ್‌ವರ್ಡ್ ಬದಲಾದ ಮಾತ್ರಕ್ಕೆ ಎದ್ದು ಹೋಗುತ್ತಾರೆಂಬ ಭರವಸೆ ಇಲ್ಲ. ಖಾತೆ ಕೈತಪ್ಪಿದರೆ ಮರಳಿ ಪಡೆಯಲು ಕೊಟ್ಟಿರುವ ಫೋನ್ ಸಂಖ್ಯೆ ನನ್ನದೇ ಇತ್ತು, ಬದಲಿ ವಿಳಾಸ ಮಾತ್ರ ಯಾರದೋ ಆಗಿತ್ತು. ಅಳಿಸಿದೆ. ಆಮೇಲೆ ಸೆಟ್ಟಿಂಗ್‌ಗಳಲ್ಲಿ ಒಂದೊಂದೇ ಪುಟ ಓದುತ್ತಾ ಹೋದೆ. ಓದುವುದೊಂದೇ ನನಗೆ ಬರುವ ಕೆಲಸ.

ಬಂದ ಪತ್ರಗಳನ್ನು ತಾನಾಗಿ ವಿಂಗಡಿಸುವ ನಿಯಮಗಳ ಪಟ್ಟಿ ಇರುತ್ತದಲ್ಲ, ಅಲ್ಲಿ ನಾನು ಮಾಡಿಕೊಂಡಿದ್ದ ಎರಡು ನಿಯಮಗಳಿದ್ದವು. ‘ಪ್ರಕಾಶಕರು’, ‘ಬಿಲ್’. ಅವುಗಳ ಕೆಳಗೆ ಒಂದು ಖಾಲಿ ಸಾಲು. ಖಾಲಿ ಎಂದುಕೊಂಡು ಕಣ್ಣು ಮುಂದೆ ಹೋಯಿತು, ಮತ್ತೆ ಹಿಂದೆ ಬಂತು. ಸಾಲಿನ ಎಡತುದಿಯಲ್ಲಿ ಒಂದು ಚುಕ್ಕೆ. ವಾಕ್ಯವೇ ಇಲ್ಲದ ಕಡೆ ಪೂರ್ಣವಿರಾಮ. ಪರದೆಗೆ ಕೂತ ಧೂಳೇನೋ ಎಂದು ಬೆರಳಿನಿಂದ ಉಜ್ಜಿಯೂ ನೋಡಿದೆ. ಅದು ಮೂರನೆಯ ನಿಯಮದ ಹೆಸರು. ತೆರೆದು ನೋಡಿದರೆ: ಪತ್ರದಲ್ಲಿ ಬಿಲ್, ಹಣ, ಖಾತೆ, ಹ್ಯಾಕ್ ಎಂಬ ಪದಗಳು ಕನ್ನಡದಲ್ಲಾಗಲಿ ಇಂಗ್ಲಿಷಿನಲ್ಲಾಗಲಿ ಇದ್ದರೆ, ಅದನ್ನು ಓದಿಯಾಗಿದೆ ಎಂದು ಗುರುತು ಹಾಕಿ, ನಾನು ಎಂದೂ ತೆರೆಯದ ಒಂದು ಹಳೆಯ ಫೋಲ್ಡರ್‌ಗೆ ಸಾಗಿಸಬೇಕು. ಇಂಥ ನಿಯಮಕ್ಕೆ ಬರೀ ಚುಕ್ಕೆಯ ಹೆಸರಿಡುವುದು ಈ ಕಸುಬಿನವರ ಹಳೆಯ ಅಭ್ಯಾಸವಂತೆ. ಆ ಗುರುವಾರ ನಾನು ಹಿಡಿದ ತಪ್ಪು ಅದೊಂದೇ, ಅದನ್ನು ಮಾತ್ರ ಸ್ವಲ್ಪ ಹೆಮ್ಮೆಯಿಂದಲೇ ಹೇಳುತ್ತೇನೆ.

ಆ ಹಳೆಯ ಫೋಲ್ಡರ್‌ನಲ್ಲಿ ಆಗಲೇ ಒಂದು ಪತ್ರ ಬಿದ್ದಿತ್ತು. ನಾನು ಕೆಲಸ ಮಾಡಿಕೊಡುವ ಒಂದು ಪ್ರಕಾಶನದ ಲೆಕ್ಕಪತ್ರದವರು ಬರೆದದ್ದು. ‘ಮೇಡಂ, ನಿಮ್ಮ ಹೊಸ ಬ್ಯಾಂಕ್ ಖಾತೆಯ ವಿವರ ದೊರೆಯಿತು. ಬಾಕಿ ಸಂಭಾವನೆಯನ್ನು ಅದಕ್ಕೇ ಜಮೆ ಮಾಡುತ್ತೇವೆ.’ ನಾನು ಯಾವ ಹೊಸ ಖಾತೆಯನ್ನೂ ತೆರೆದಿರಲಿಲ್ಲ. ಅವರಿಗೆ ಮೇಲ್ ಮಾಡಲು ಹೋದ ಕೈಯನ್ನು ಹಿಡಿದು ನಿಲ್ಲಿಸಿ ಫೋನ್ ಮಾಡಿದೆ. ಹಣ ಇನ್ನೂ ಹೋಗಿರಲಿಲ್ಲ. ಹೋಗಿದ್ದರೆ ಮೊದಲ ಕರೆ ಅವರ ಬ್ಯಾಂಕಿಗೆ ಹೋಗಬೇಕಾಗಿತ್ತು. ಹಣ ಇನ್ನೊಂದು ಖಾತೆಗೆ ದಾಟುವ ಮೊದಲು ತಡೆಯುವ ಅವಕಾಶವಿರುವುದು ಮೊದಲ ಕೆಲವು ಗಂಟೆಗಳಲ್ಲಿ. ನಾಚಿಕೆಪಟ್ಟುಕೊಂಡು ಒಂದು ದಿನ ಕಳೆದವರು ಅದನ್ನು ಕಳೆದುಕೊಳ್ಳುತ್ತಾರೆ.

ನನ್ನ ಸಂಭಾವನೆ ಎಷ್ಟರದು ಬಿಡಿ. 2013ರಿಂದ 2015ರವರೆಗೆ ಲಿಥುವೇನಿಯಾದ ಎವಾಲ್ಡಾಸ್ ರಿಮಸೌಸ್ಕಸ್ ಎಂಬಾತ ಗೂಗಲ್‌ಗೂ ಫೇಸ್‌ಬುಕ್‌ಗೂ, ಅವು ನಿಜವಾಗಿಯೂ ವ್ಯವಹರಿಸುತ್ತಿದ್ದ ತೈವಾನಿನ ಕಂಪನಿಯೊಂದರ ಹೆಸರಿನಲ್ಲಿ ಸುಳ್ಳು ಬಿಲ್ಲುಗಳನ್ನು ಕಳಿಸಿ 10 ಕೋಟಿ ಡಾಲರ್‌ಗೂ ಹೆಚ್ಚು ಹಣ ಪಡೆದ. 2019ರಲ್ಲಿ ಅಮೆರಿಕದ ನ್ಯಾಯಾಲಯ ಅವನಿಗೆ ಐದು ವರ್ಷ ಶಿಕ್ಷೆ ವಿಧಿಸಿತು. ಬಿಲ್ಲು ಪಾಸು ಮಾಡಿದವರು ದಡ್ಡರಲ್ಲ. ಬಿಲ್ಲು ಬಿಲ್ಲಿನಂತೆಯೇ ಇತ್ತು, ಅಷ್ಟೇ.

ಈಗ ನಾನು ಮೇಲ್ ಓದುವ ಕ್ರಮ ಬದಲಾಗಿದೆ. ಒಡಲನ್ನು ಕೊನೆಗೆ ಓದುತ್ತೇನೆ. ಕಾಗುಣಿತ ನೋಡುವುದನ್ನಂತೂ ಬಿಟ್ಟಿದ್ದೇನೆ. ಈಗಿನ ಯಂತ್ರಗಳು ನನಗಿಂತ ಶುದ್ಧವಾಗಿ ಕನ್ನಡ ಬರೆಯುತ್ತವೆ, ಖಾತೆಯನ್ನು ಹಗ್ಗಕ್ಕೆ ನೇತುಹಾಕುವ ಕಾಲ ಹೋಯಿತು. ಮೊದಲು ನೋಡುವುದು, ಇದು ನನ್ನಿಂದ ಏನು ಕೇಳುತ್ತಿದೆ ಎಂದು. ಪಾಸ್‌ವರ್ಡೇ, ಹಣವೇ, ಸಂಖ್ಯೆಯೇ, ಒಂದು ಕಡತ ತೆರೆಯುವುದೇ? ಜೊತೆಗೆ ಅವಸರವೂ ಇದೆಯೇ? ‘ಸಂಜೆಯೊಳಗೆ’, ‘24 ಗಂಟೆಯಲ್ಲಿ’, ‘ಯಾರಿಗೂ ಹೇಳಬೇಡಿ’? ಕೇಳಿಕೆ ಮತ್ತು ಅವಸರ ಎರಡೂ ಒಂದೇ ಪತ್ರದಲ್ಲಿದ್ದರೆ ನಾನು ಎದ್ದು ಹೋಗಿ ನೀರು ಕುಡಿದು ಬರುತ್ತೇನೆ.

ಆಮೇಲೆ ವಿಳಾಸ. ಕಳಿಸಿದವರ ಹೆಸರೆಂದು ದಪ್ಪಕ್ಷರದಲ್ಲಿ ಕಾಣುವುದಕ್ಕೆ ಬೆಲೆಯಿಲ್ಲ, ಯಾರು ಏನು ಬೇಕಾದರೂ ಇಟ್ಟುಕೊಳ್ಳಬಹುದು. ಜಾಲದ ಕೊಂಡಿಯನ್ನು ಬಲದಿಂದ ಎಡಕ್ಕೆ ಓದಬೇಕು. ಮೊದಲ ಒಂಟಿ ಓರೆಗೆರೆಯವರೆಗೆ (/) ಹೋಗಿ, ಅಲ್ಲಿಂದ ಹಿಂದಕ್ಕೆ ಬನ್ನಿ. ಬಾಲವನ್ನು, ಅದು ‘ಕಾಮ್’ ಇರಲಿ, ಎರಡು ತುಂಡಿನ ‘ಕೋ ಡಾಟ್ ಇನ್’ ಇರಲಿ, ಬಿಟ್ಟು ಅದಕ್ಕೆ ಅಂಟಿಕೊಂಡ ಪದವೇ ಮನೆಯ ಯಜಮಾನ. ಅದಕ್ಕೂ ಎಡಕ್ಕೆ ನಿಮ್ಮ ಬ್ಯಾಂಕಿನ ಹೆಸರು ಎಷ್ಟು ಸಲ ಬಂದರೂ ಅದು ಜಗಲಿಯಲ್ಲಿ ತೂಗುಹಾಕಿದ ಫೋಟೋ ಇದ್ದಂತೆ. ಇಂಗ್ಲಿಷಿನ ಸಣ್ಣ ‘ಆರ್’ ಮತ್ತು ‘ಎನ್’ ಒತ್ತೊತ್ತಾಗಿ ನಿಂತರೆ ‘ಎಮ್’ ಆಗಿಬಿಡುತ್ತವೆ. ರಷ್ಯನ್ ಲಿಪಿಯ ‘ಎ’ ಇಂಗ್ಲಿಷಿನ ‘ಎ’ಯಂತೆಯೇ ಕಾಣುತ್ತದೆ, ಕಂಪ್ಯೂಟರಿಗೆ ಮಾತ್ರ ಅವೆರಡೂ ಬೇರೆ. ಇದನ್ನು ಬರಿಗಣ್ಣಿನಲ್ಲಿ ಹಿಡಿಯುತ್ತೇನೆ ಎಂಬ ಹಟ ನನಗೀಗ ಇಲ್ಲ. ಕೊಂಡಿ ಒತ್ತುವುದನ್ನೇ ಬಿಟ್ಟು ವಿಳಾಸ ನಾನೇ ಟೈಪ್ ಮಾಡುತ್ತೇನೆ.

ಇಮೇಲ್ ಸಾಗಿಸುವ ಎಸ್‌ಎಮ್‌ಟಿಪಿ ಎಂಬ ಪದ್ಧತಿ 1982ರದು. ಲಕೋಟೆಯ ಮೇಲೆ ಕಳಿಸಿದವರ ವಿಳಾಸವೆಂದು ಬರೆದದ್ದನ್ನು ಅದು ಪರೀಕ್ಷಿಸುತ್ತಿರಲಿಲ್ಲ, ಆಗ ಎಲ್ಲರೂ ಗೊತ್ತಿದ್ದವರೇ. ಆಮೇಲೆ, ಆ ವಿಳಾಸ ಅಸಲಿಯೇ ಎಂದು ನೋಡಲು ಎಸ್‌ಪಿಎಫ್, ಡಿಕಿಮ್, ಡಿಮಾರ್ಕ್ ಎಂದು ಒಂದೊಂದೇ ಕಾವಲು ಸೇರಿತು. ರಾಶಿ ರಾಶಿ ಪತ್ರ ಕಳಿಸುವವರಿಗೆ ಗೂಗಲ್ ಮತ್ತು ಯಾಹೂ ಇವನ್ನು ಕಡ್ಡಾಯ ಮಾಡಿದ್ದು 2024ರ ಫೆಬ್ರವರಿಯಲ್ಲಿ. ಒಳ್ಳೆಯದೇ. ಆದರೆ ನನಗೆ ಬಂದ ಪತ್ರಕ್ಕೆ ಈ ಮೂರೂ ದಾರಿ ಬಿಡುತ್ತಿದ್ದವು. ಅದು ನಿಜವಾಗಿಯೂ ಅವನ ಖಾತೆಯಿಂದಲೇ ಹೊರಟಿತ್ತಲ್ಲ.

‘ನಿಮ್ಮ ಪಾಸ್‌ವರ್ಡ್ ಇದು, ನಿಮ್ಮ ಕ್ಯಾಮೆರಾದಲ್ಲಿ ನಿಮ್ಮನ್ನು ನೋಡಿದ್ದೇನೆ, ಬಿಟ್‌ಕಾಯಿನ್ ಕಳಿಸಿ’ ಎಂಬ ಬೆದರಿಕೆಯೂ ಒಮ್ಮೆ ಬಂದಿದೆ. ಅದು ಯಾವಾಗಲೋ ಯಾವುದೋ ತಾಣದಿಂದ ಸೋರಿದ ಹಳೆಯ ಪಾಸ್‌ವರ್ಡ್. ಅದನ್ನು ಇನ್ನೂ ಎಲ್ಲಾದರೂ ಬಳಸುತ್ತಿದ್ದರೆ ಬದಲಾಯಿಸುವುದು, ಪತ್ರವನ್ನು ಮೋಸದ್ದೆಂದು ವರದಿ ಮಾಡಿ ಅಳಿಸುವುದು. ಉತ್ತರ ಬೇಡ, ತಿದ್ದುಪಡಿಯಂತೂ ಬೇಡವೇ ಬೇಡ.

ಅನುಮಾನ ಬಂದರೆ ಗೊತ್ತಿದ್ದವರನ್ನು ಕೇಳಿ ಎನ್ನುತ್ತಾರೆ. ಸರಿಯೇ, ಆದರೆ ಬಾಯಿಬಿಟ್ಟು ಕೇಳಿ. 2016ರ ಮಾರ್ಚ್‌ನಲ್ಲಿ ಹಿಲರಿ ಕ್ಲಿಂಟನ್ ಅವರ ಚುನಾವಣಾ ಪ್ರಚಾರದ ಅಧ್ಯಕ್ಷ ಜಾನ್ ಪೊಡೆಸ್ಟಾ ಅವರಿಗೆ ಪಾಸ್‌ವರ್ಡ್ ಬದಲಾಯಿಸಿ ಎಂಬ ನಕಲಿ ಮೇಲ್ ಬಂತು. ಕಚೇರಿಯವರು ತಂತ್ರಜ್ಞರನ್ನು ಕೇಳಿದರು. ತಂತ್ರಜ್ಞ ಬರೆದ ಉತ್ತರದಲ್ಲಿ ಅದು ಅಸಲಿ ಪತ್ರ ಎಂದಿತ್ತು. ತಾನು ಬರೆಯಲು ಹೊರಟದ್ದು ಅದರ ವಿರುದ್ಧ ಪದ, ಟೈಪ್ ಮಾಡುವಾಗ ತಪ್ಪಿತು ಎಂದು ಅವರು ಆಮೇಲೆ ಹೇಳಿದರು. ನಮ್ಮ ‘ಅನಧಿಕೃತ’ದಿಂದ ಒಂದು ‘ನ’ ಬಿದ್ದುಹೋಗಿ ‘ಅಧಿಕೃತ’ವಾದ ಹಾಗೆ. ಸರಿಯಾದ ಕೊಂಡಿಯನ್ನೂ ಅವರು ಕೊಟ್ಟಿದ್ದರು, ಒತ್ತಿದ್ದು ಮಾತ್ರ ನಕಲಿಯದನ್ನು. ಸಾವಿರಾರು ಪತ್ರಗಳು ಬಯಲಾದವು. ಆ ಉತ್ತರ ಹೊರಡುವ ಮುನ್ನ ಒಬ್ಬ ಪ್ರೂಫ್ ರೀಡರ್ ಕೈಗೆ ಹೋಗಿದ್ದರೆ ಎಂದು ನಮ್ಮ ಕಸುಬಿನವರು ಕನಸು ಕಾಣಬಹುದು.

ಹುಡುಗನ ಖಾತೆ ಅವನ ಕೈಗೆ ಮರಳಲು ನಾಲ್ಕು ದಿನ ಹಿಡಿಯಿತು. ಸೋಮವಾರ ಸಂಜೆ ಅವನಿಂದ ಮೇಲ್ ಬಂತು. ‘ಅಕ್ಕಾ, ಎಲ್ಲ ಸರಿ ಆಯಿತು. ಪುಟ 112 ಲಗತ್ತಿಸಿದ್ದೇನೆ, ಪರೀಶಿಲಿಸಿ. ದನ್ಯವಾದ.’

ಆ ‘ದ’ ನೋಡಿ ಕಣ್ಣು ತುಂಬಿ ಬಂದದ್ದು ನಿಜ. ಆದರೂ ಲಗತ್ತು ತೆರೆಯಲಿಲ್ಲ. ನಮ್ಮ ಹನ್ನೊಂದು ವರ್ಷದ ಪತ್ರಗಳೆಲ್ಲ ಯಾರದೋ ಕೈ ಸೇರಿವೆ, ಅವನ ತಪ್ಪುಗಳನ್ನು ನಕಲು ಮಾಡುವುದು ಎಷ್ಟು ಹೊತ್ತಿನ ಕೆಲಸ? ಫೋನ್ ಎತ್ತಿಕೊಂಡೆ. ಎರಡು ಸಲ ರಿಂಗಾಯಿತು.

‘ಅಕ್ಕಾ’ ಎಂದ, ‘ಇಷ್ಟು ಬೇಗ ತಪ್ಪು ಸಿಕ್ಕಿತೇ?’